ಎರಡೂವರೆ ಎಮ್ಮೆ ಅಂಗಳ

ನಂಬಲ್ಲ ಅಂತೀರಾ? ಟೇಪ್ ಹಿಡ್ಕೊಂಡು ಬನ್ನಿ. ಯಾವ ಕೋಣೆಗಾದರೂ ಕರ್ಕೊಂಡು ಹೋಗಿ ನನ್ನನ್ನ ಬಾಗಿಲಲ್ಲಿ ನಿಲ್ಲಿಸಿ. ಒಂದೇ ಸಲ ಕಣ್ಣು ಹಾಯಿಸಿ, ಇದು ಇಷ್ಟು ಚದರ ಅಡಿ ಅಂತ ಹೇಳಿಬಿಡ್ತೀನಿ. ತುಮಕೂರು ರಸ್ತೆಯಿಂದ ವೈಟ್‌ಫೀಲ್ಡ್‌ವರೆಗೆ ಟೈಲ್ಸ್ ಅಳತೆಗೆ ಹೋಗೋ ಹುಡುಗರಲ್ಲಿ ನನ್ನಂಥವನು ಇನ್ನೊಬ್ಬ ಇದ್ದರೆ ತೋರಿಸಿ, ಕಾಲಿಗೆ ಬೀಳ್ತೀನಿ. ಇಲ್ಲ ಅಂತ ಗೊತ್ತು, ಅದಕ್ಕೇ ಇಷ್ಟು ಧೈರ್ಯವಾಗಿ ಹೇಳ್ತಿರೋದು.

ಉದ್ದವನ್ನು ಅಗಲದಿಂದ ಗುಣಿಸಬೇಕು, ಮುಗೀತು. ಇದರಲ್ಲಿ ನಗೋದಕ್ಕೆ ಏನಿದೆ ಅಂತ ನಿಮಗನ್ನಿಸಬಹುದು. ಆದರೆ ನಾಲ್ಕು ಮೂಲೆಯ ಜಾಗ ಕಂಡ ಕೂಡಲೇ ಒಬ್ಬೊಬ್ಬರೂ ಒಂದೊಂದು ಲೆಕ್ಕ ತೆಗೀತಾರೆ, ನನ್ನ ಪಾಲಿಗೆ ಈ ಫಜೀತಿಗಳು ನಿಲ್ಲೋದೇ ಇಲ್ಲ. ಹೊರಗಿನವರ ಕಥೆ ಹಾಗಿರಲಿ. ನಮ್ಮ ಮನೆ ಮುಂದಿನ ಅಂಗಳ ಒಂದಕ್ಕೇ ಐದು ಥರದ ಲೆಕ್ಕ ಇತ್ತು. ಅಪ್ಪ ಅಲ್ಲಿ ಬಾಡಿಗೆ ರೂಮು ಕಟ್ಟಬೇಕು ಅಂತಿದ್ದ. ಅವ್ವನಿಗೆ ಅದು ಅಂಗಳವಾಗಿಯೇ ಬೇಕಿತ್ತು. ನಾನು ಎದೆ ತಟ್ಟಿಕೊಂಡು, ಉಳಿಸಿಕೊಡ್ತೀನಿ ಕಣವ್ವ ಅಂದವನು. ಉಳಿಸಿದೆನಾ ಇಲ್ಲವಾ ಅನ್ನೋದನ್ನ ಕೊನೆಗೆ ಹೇಳ್ತೀನಿ. ಮೊದಲಿಂದ ಕೇಳಿ.

ಮೇಷ್ಟ್ರ ಇಪ್ಪತ್ತು

ಐದನೇ ಕ್ಲಾಸಲ್ಲಿ ಮೇಷ್ಟ್ರು ಬೋರ್ಡ್ ಮೇಲೆ ಒಂದು ಆಯತ ಬರೆದರು. ಒಳಗೆ ಗೆರೆ ಎಳೆದು ಚೌಕ ಮಾಡಿದರು, ಅಡ್ಡಕ್ಕೆ ಐದು, ಉದ್ದಕ್ಕೆ ನಾಲ್ಕು.

"ಇದರ ವಿಸ್ತೀರ್ಣ ಯಾರು ಹೇಳ್ತೀರಾ?"

ಇಡೀ ಕ್ಲಾಸು ನೆಲ ನೋಡ್ತಿತ್ತು. ನಾನು ಎದ್ದು ನಿಂತೆ. "ಮೂವತ್ತು ಸಾರ್."

"ಕೂತ್ಕೋ."

"ಎಣಿಸಿ ನೋಡಿ ಸಾರ್, ಮೂವತ್ತೇ."

"ಯಾವನೋ ನಿಂಗೆ ಹೇಳ್ಕೊಟ್ಟಿದ್ದು?"

"ನಮ್ಮವ್ವ."

"ನಾಳೆ ಕರ್ಕೊಂಡು ಬಾ ನಿಮ್ಮವ್ವನ್ನ."

ನನ್ನ ಲೆಕ್ಕದಲ್ಲಿ ತಪ್ಪೇನೂ ಇರಲಿಲ್ಲ. ಮಗ್ಗಿ ಕಲಿತಿದ್ದು ಅಂಗಳದಲ್ಲಿ. ದಿನಾ ಬೆಳಿಗ್ಗೆ ಅವ್ವ ನೀರು ಚಿಮುಕಿಸಿ ಗುಡಿಸಿ ರಂಗೋಲಿಗೆ ಚುಕ್ಕಿ ಇಡೋಳು. ನಾನು ಪುಡಿ ಡಬ್ಬ ಹಿಡಿದು ಹಿಂದೆ ಹಿಂದೆ ಹೋಗಬೇಕು. "ಆರು ಚುಕ್ಕಿ, ಐದು ಸಾಲು, ಎಷ್ಟಾಯ್ತೋ?" ಅನ್ನೋಳು. ಹೇಳಿದರೆ ಮಾತ್ರ ಮುಂದಿನ ಸಾಲು. ಹಾಗಾಗಿ ನನಗೆ ಗುಣಾಕಾರ ಅಂದರೆ ಚುಕ್ಕಿ. ಐದು ಚೌಕ ಬರಬೇಕಾದರೆ ಆರು ಚುಕ್ಕಿ ಇಡಬೇಕು, ನಾಲ್ಕು ಬರಬೇಕಾದರೆ ಐದು. ಆರೈದಲಿ ಮೂವತ್ತು.

ಮಾರನೇ ದಿನ ಅವ್ವ ಹಾಲು ಕರೆದು, ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಸ್ಕೂಲಿಗೆ ಬಂದಳು. ಮೇಷ್ಟ್ರು ಒಳ್ಳೆಯವರು, ಕೋಲು ಹಿಡಿದು ನಿಧಾನವಾಗಿ ಬಿಡಿಸಿ ಹೇಳಿದರು. ಐದು, ನಾಲ್ಕು, ಇಪ್ಪತ್ತು. ಅವ್ವ ಸೀಮೆಸುಣ್ಣ ಇಸ್ಕೊಂಡು, ಗೆರೆ ಗೆರೆ ಸೇರೋ ಕಡೆಯಲ್ಲೆಲ್ಲ ಚುಕ್ಕಿ ಇಟ್ಟು ಜೋರಾಗಿ ಎಣಿಸಿದಳು.

"ಮೂವತ್ತೇ ಐತಲ್ಲ ಸಾರ್."

"ಅಲ್ಲಮ್ಮ, ಚುಕ್ಕಿ ಎಣಿಸಬಾರದು. ಚುಕ್ಕಿ ನಡುವೆ ಇರೋ ಜಾಗ ಎಣಿಸಬೇಕು."

"ಅಲ್ಲಿ ಏನೂ ಇಲ್ವಲ್ಲ ಸಾರ್. ಖಾಲಿ ಜಾಗ ಎಣಿಸ್ಕೊಂಡು ಏನು ಮಾಡ್ತೀರಾ?"

ಮೇಷ್ಟ್ರು ಕೋಲನ್ನು ಮೇಜಿನ ಮೇಲಿಟ್ಟರು. ಅವ್ವ ಅವರಿಗೆ ಕೈ ಮುಗಿದು, ಬಾಗಿಲ ಹತ್ತಿರ ನನ್ನ ಕಿವಿಯಲ್ಲಿ ಹೇಳಿದಳು, ಕ್ಲಾಸಿಗೆಲ್ಲ ಕೇಳಿಸೋ ಹಾಗೆ: "ಪಾಪ, ಅವ್ರಿಗೆ ಚುಕ್ಕಿ ಇಡಾಕೆ ಬರಲ್ಲ ಕಣೋ. ಕೇಳ್ದಾಗ ಇಪ್ಪತ್ತು ಅಂದ್ಬಿಡು."

ಉಳಿದಿರೋದು ಒಂದೇ

ಪೀಣ್ಯದಲ್ಲಿ ನಮ್ಮ ಕಾಂಟ್ರಾಕ್ಟರ್ ಆಫೀಸು. ನಾನು ಅಲ್ಲಿ ಅಳತೆಯವನು. ಅಳತೆಯವನು ಮನೆಗೆ ಹೋಗಿ ನೆಲ ಅಳೆದು, ಎಷ್ಟು ಟೈಲ್ಸ್ ಬೇಕು ಅಂತ ಬರೆದು ಕೊಡಬೇಕು. ನಾನು ಬರೆದುಕೊಟ್ಟ ಯಾವ ಮನೆಯಲ್ಲೂ ಇಲ್ಲಿವರೆಗೆ ಒಂದೇ ಒಂದು ಟೈಲು ಕಡಿಮೆ ಬಿದ್ದಿಲ್ಲ. ಬೇಕಾದರೆ ಯಾರನ್ನಾದರೂ ಕೇಳಿ.

ಹೇಗೆ ಬೀಳುತ್ತೆ ಹೇಳಿ? ಎರಡಡಿ ಟೈಲ್ಸ್, ಹನ್ನೆರಡು ಅಡಿ ಹತ್ತಡಿ ರೂಮು. ಬೇರೆಯವರು ಆರು ಐದಲಿ ಮೂವತ್ತು ಅಂತ ಬರೀತಾರೆ. ನಾನು ಏಳು ಆರಲಿ ನಲವತ್ತೆರಡು ಅಂತ ಬರೀತೀನಿ. ಅವ್ವನ ಲೆಕ್ಕ, ಅಡ್ಡಕ್ಕೊಂದು ಸಾಲು ಜಾಸ್ತಿ, ಉದ್ದಕ್ಕೊಂದು ಸಾಲು ಜಾಸ್ತಿ. ಒಡೀತವೆ, ಮೂಲೆ ಕತ್ತರಿಸಬೇಕಾಗುತ್ತೆ, ಇರಲಿ ಅಂತ.

ಒಂದು ದಿನ ಕಾಂಟ್ರಾಕ್ಟರ್ ಕರೆದು ಕೂರಿಸಿಕೊಂಡರು. ಕೂಗಾಡಲಿಲ್ಲ. ಆಫೀಸು ತೋರಿಸಿದರು. ಗೋಡೆಗೆ ಐದು ಬಣ್ಣದ ಟೈಲ್ಸು, ಒಂದೊಂದು ಕಡೆ ಒಂದೊಂದು ಡಿಸೈನು. ಹೊರಗೆ ಕರ್ಕೊಂಡು ಹೋಗಿ ಕಾಂಪೌಂಡು ತೋರಿಸಿದರು, ಅಲ್ಲೂ ಟೈಲ್ಸು.

"ಏನು ಗುರು ಇದು?"

"ಸೂಪರಾಗಿದೆ ಸಾರ್. ಯಾರು ಮಾಡಿದ್ದು?"

"ನೀನೇ ಕಣೋ! ಎಲ್ಲ ನೀನು ಅಳತೆ ಮಾಡಿ ಉಳಿಸಿದ ಟೈಲ್ಸು. ಗೋಡೆ ಆಯ್ತು, ಕಕ್ಕಸ್ಸು ಆಯ್ತು, ನಾಯಿ ಗೂಡಿಗೂ ಗ್ರಾನೈಟು ಆಯ್ತು. ಇನ್ನು ಉಳಿದಿರೋದು ನಿನ್ನ ಹಣೆ ಒಂದೇ!"

ಎದುರು ಮನೆ ಅಂಕಲ್

ವೈಟ್‌ಫೀಲ್ಡ್ ಹತ್ತಿರ ಹನ್ನೊಂದನೇ ಮಹಡಿಯ ಫ್ಲ್ಯಾಟಿಗೆ ಅಳತೆಗೆ ಹೋಗಿದ್ದೆ. ಮನೆಯ ಓನರ್ ನನ್ನ ವಯಸ್ಸಿನವರೇ. ಟೇಪ್ ತೆಗೆದ ಕೂಡಲೇ ಅವರು ನಕ್ಕರು.

"ಬ್ರೋ, ಇನ್ನೂ ಟೇಪಾ? ಇರಿ." ಒಳಗಿಂದ ಒಂದು ಲೇಸರ್ ಮೆಷೀನು ತಂದರು, ಮೊಬೈಲಿಗಿಂತ ಚಿಕ್ಕದು. ಗೋಡೆಗೆ ಆನಿಸಿಟ್ಟು ಒತ್ತಿದರೆ ಕೆಂಪು ಚುಕ್ಕಿ ಎದುರಿಗೆ ಹೋಗಿ ಬೀಳುತ್ತೆ, ಅಳತೆ ಬಂದುಬಿಡುತ್ತೆ. ಅಗಲ ನೋಡಿದರು, ಹನ್ನೊಂದು ಅಡಿ. ಸರಿಯಾಗೇ ಇತ್ತು. ಉದ್ದಕ್ಕೆ ಬಾಲ್ಕನಿ ಕಡೆ ತಿರುಗಿಸಿ ಒತ್ತಿದರು.

"ತೊಂಬತ್ತು ಅಡಿ!"

ಅವರ ಮುಖ ನೋಡಬೇಕಿತ್ತು. ಹೆಂಡತಿಯನ್ನು ಕೂಗಿ ಕರೆದರು. "ಲೇ, ಬಿಲ್ಡರ್ ಮೋಸ ಮಾಡಿಲ್ಲ ಕಣೇ, ಹಾಲ್ ತೊಂಬತ್ತು ಅಡಿ ಇದೆ!" ಆಕೆ ಬಂದು ಹಾಲನ್ನು ಆ ಕಡೆಯಿಂದ ಈ ಕಡೆಗೆ ನೋಡಿ ಒಳಗೆ ಹೋದರು.

ನಾನು ಮೆಲ್ಲಗೆ ಹೋಗಿ ಕೆಂಪು ಚುಕ್ಕಿ ಎಲ್ಲಿ ಬಿದ್ದಿದೆ ಅಂತ ನೋಡಿದೆ. ಬಾಲ್ಕನಿಯ ಗಾಜಿನ ಬಾಗಿಲು ದಾಟಿ, ಗಾಳಿಯಲ್ಲಿ ಹೋಗಿ, ಎದುರು ಬಿಲ್ಡಿಂಗಿನಲ್ಲಿ ಪೇಪರ್ ಓದ್ತಾ ಕೂತಿದ್ದ ಒಬ್ಬ ಅಂಕಲ್ ಹೊಟ್ಟೆ ಮೇಲೆ ನಿಂತಿತ್ತು.

"ಸಾರ್," ಅಂದೆ, "ನಿಮ್ಮ ಹಾಲಿಗೆ ಟೈಲ್ಸ್ ಹಾಕಬಹುದು. ಆದರೆ ಆ ಅಂಕಲ್ ಸ್ವಲ್ಪ ಕಾಲು ಎತ್ತಿಕೋಬೇಕಾಗುತ್ತೆ."

ಎರಡೂವರೆ ಎಮ್ಮೆ

ಈಗ ನಮ್ಮ ಮನೆಗೆ ಬನ್ನಿ. ಮಾದನಾಯಕನಹಳ್ಳಿ ಪಕ್ಕದ ಊರು ನಮ್ಮದು. ನಮ್ಮದು ಅಂದರೆ ನಿಜವಾಗ್ಲೂ ನಮ್ಮದು, ತಾತನ ತಾತನ ಕಾಲದಿಂದ. ಹೊಲ ಇದ್ದ ಕಡೆ ಗೋಡೌನು ಬಂತು. ಗೋಡೌನಿಗೆ ಕೆಲಸದವರು ಬಂದರು. ಕೆಲಸದವರಿಗೆ ಮಲಗೋಕೆ ರೂಮು ಬೇಕಾಯ್ತು. ಅಪ್ಪ ಹಿತ್ತಲಲ್ಲಿ ಒಂದು ಕಟ್ಟಿದ, ಕೊಟ್ಟಿಗೆ ಕೆಡವಿ ಎರಡು ಕಟ್ಟಿದ, ಆಮೇಲೆ ರಸ್ತೆ ಕಡೆಯಿಂದ ಅಂಗಳದೊಳಕ್ಕೆ ಬರೋಕೆ ಶುರು ಮಾಡಿದ.

ಅವ್ವ ಒಂದು ದಿನವೂ ಜಗಳ ಆಡಲಿಲ್ಲ. ಒಂದು ರೂಮು ಮೇಲೇಳ್ತಿದ್ದ ಹಾಗೆ ರಂಗೋಲಿಯಿಂದ ಎರಡು ಸಾಲು ತೆಗೆದುಬಿಡೋಳು. ಕೊನೆಗೆ ಉಳಿದಿದ್ದು ಹೊಸ್ತಿಲ ಮುಂದಿನ ಒಂದು ತುಂಡು. ಹತ್ತಡಿ, ಎಂಟಡಿ. ಶಿವರಾತ್ರಿ ಕಳೀಲಿ, ಅಲ್ಲೂ ಒಂದು ರೂಮು ಏಳಿಸಾಣ ಅಂತ ಅಪ್ಪ ಹೇಳಿಬಿಟ್ಟಿದ್ದ.

ರೂಮು ಏಳೋ ಮೊದಲೇ ಬಾಡಿಗೆ ಕೇಳ್ಕೊಂಡು ರಾಯಚೂರು ಕಡೆಯ ಒಬ್ಬ ಗೋಡೌನ್ ಹುಡುಗ ಬಂದ. "ರೂಮ್ ಎಷ್ಟ್ ದೊಡ್ಡದು ಬರ್ತೈತ್ರಿ ಕಾಕಾ?"

ಅಪ್ಪ ಅಂಗಳ ನೋಡಿ ಹೇಳಿದ, "ಎರಡೂವರೆ ಎಮ್ಮೆ."

ಅಪ್ಪನಿಗೆ ಅಡಿ, ಮೀಟರು ಯಾವುದೂ ಆಗಿಬರಲ್ಲ. ಸಾಲಾಗಿ ಎಷ್ಟು ಎಮ್ಮೆ ಕಟ್ಟಬಹುದು ಅನ್ನೋದೇ ಅಳತೆ. ಕೊನೇ ಎಮ್ಮೆ ಮಾರಿ ಎಷ್ಟೋ ಕಾಲ ಆಯ್ತು, ಅಳತೆ ಮಾತ್ರ ಹೋಗಿಲ್ಲ.

ಹುಡುಗ ಸುತ್ತ ನೋಡಿದ. "ಎಮ್ಮಿ ಎಲ್ಲದಾವ್ರೀ? ನಮ್ ಕೂಡ ಒಳಗ ಇರ್ತಾವೇನ್ರಿ?"

"ಎಮ್ಮೆ ಇಲ್ಲ ಕಣಯ್ಯ. ಎಮ್ಮೆಯಷ್ಟು ಜಾಗ."

"ಹಂಗಾರ ಎರಡಂತೂ ತಿಳೀತ್ರಿ. ಆ ಅರ್ಧ ಎಮ್ಮಿ ಏನ್ರಿ?"

ಅಪ್ಪನಿಗೆ ಸಿಟ್ಟು ಬಂತು. "ಅಷ್ಟೂ ಗೊತ್ತಾಗಲ್ವೇನಯ್ಯ? ಕರ!"

ಗಲಾಟೆ ಕೇಳಿ ಅಣ್ಣ ಬೈಕಿಂದ ಇಳಿದ. "ಎಮ್ಮೆ ಗಿಮ್ಮೆ ಬಿಡಪ್ಪ. ನಾಲ್ಕು ಬೈಕು, ಒಂದು ಸ್ಕೂಟಿ ನಿಲ್ಲಿಸೋವಷ್ಟು ಜಾಗ." ಮೇಲಿನ ರೂಮಿನ ಬಾಡಿಗೆ ಅಕ್ಕ ಬಕೆಟ್ ಇಳಿಸಿ, "ಎರಡು ಸೀರೆ, ಒಂದು ಬೆಡ್‌ಶೀಟ್ ಹರಡಬೌದು, ಅಷ್ಟೇಯಾ" ಅಂದರು. ನಾನು ಬಿಡ್ತೀನಾ? "ಎಂಬತ್ತು ಚದರ ಅಡಿ," ಅಂದೆ, ಟೇಪ್ ಕೂಡ ಮುಟ್ಟದೆ.

ಅವ್ವ ಅಲ್ಲೇ ಬಗ್ಗಿ ರಂಗೋಲಿ ಇಡ್ತಿದ್ದಳು. ಒಂದಡಿಗೆ ಒಂದು ಚುಕ್ಕಿ, ಗೋಡೆಯಿಂದ ಗೋಡೆಗೆ. ತಲೆ ಎತ್ತದೆ ಹೇಳಿದಳು, "ತೊಂಬತ್ತೊಂಬತ್ತು."

ಹನ್ನೊಂದು ಒಂಬತ್ತಲಿ. ಸರಿಯಾಗೇ ಇತ್ತು.

"ಇನ್ನೊಂದು ಇಟ್ಟು ನೂರು ಮಾಡವ್ವ," ಅಂದೆ ತಮಾಷೆಗೆ.

"ಎಲ್ಲಿ ಇಡ್ಲಿ?" ಅಂದಳು.

ಅವತ್ತು ಊಟಕ್ಕೆ ಬಡಿಸುವಾಗ ಅವ್ವ ಮೊದಲ ಸಲ ಬಾಯಿ ಬಿಟ್ಟು ಕೇಳಿದಳು. "ಅದೊಂದು ಬಿಟ್ಬಿಡು ಅಂತ ನಿಮ್ಮಪ್ಪಂಗೆ ಏಳೋ. ಬೆಳಗೆದ್ದು ಬಾಗ್ಲು ತಗದ್ರೆ ಒಂಚೂರು ನೆಲ ಕಾಣ್ಲಿ. ಇಲ್ದಿದ್ರೆ ಎದುರಿಗೆ ಗೋಡೆ."

"ನಾನಿಲ್ವೇನವ್ವ? ಊರೆಲ್ಲ ಅಳೆಯೋನು ನಿನ್ನ ಅಂಗಳ ಉಳಿಸಲ್ವಾ? ನನ್ನ ಕೈಗೆ ಬಿಡು, ಯೋಚನೆನೇ ಮಾಡಬೇಡ."

"ಅದೇ ಯೋಚನೆ," ಅಂದಳು ಅವ್ವ, ಮುದ್ದೆ ಮುರೀತಾ.

ಅದೇ ಹಗ್ಗ

ನಾನು ಮಾತಾಡಿದರೆ ಅಪ್ಪ ಕೇಳದೇ ಇರ್ತಾನಾ? ಒಂದು ವಾರ ತಲೆ ತಿಂದೆ. ಕೊನೆಗೆ ಅಪ್ಪ ಮೆತ್ತಗಾದ. "ಅವಳಿಗೆ ಮೋಸ ಮಾಡಾದು ಬ್ಯಾಡ. ರೂಮು ರೂಮೇ ಆಗ್ಲಿ, ಅವಳಿಗೂ ಅಷ್ಟೇ ಜಾಗ ಇನ್ನೊಂದು ಕಡೆ ಬಿಡಾನ."

ಅಣ್ಣ ಹಳೇ ಬಾವಿ ಹಗ್ಗ ತಂದು ಅಂಗಳದ ಸುತ್ತ ಇಟ್ಟು, ತುದಿಗೆ ಗಂಟು ಹಾಕಿದ. ಆ ಹಗ್ಗವನ್ನೇ ಎತ್ತಿಕೊಂಡು ಹೋಗಿ ಮನೆಯ ಪಕ್ಕದ ಸಂದಿಯಲ್ಲಿ ಹರಡಿದ. ಸಂದಿ ಅಂದರೆ ನಮ್ಮ ಗೋಡೆಗೂ ಕಾಂಪೌಂಡಿಗೂ ನಡುವೆ ಒಂದೂವರೆ ಅಡಿ. ಹಗ್ಗ ಉದ್ದಕ್ಕೆ ಹಾವಿನ ಥರ ಮಲಗಿತು, ಹದಿನಾರೂವರೆ ಅಡಿ.

"ನೋಡು, ಅಲ್ಲಿ ಸುತ್ತಿದ್ದ ಹಗ್ಗ ಇಲ್ಲೂ ಸುತ್ತಿತು," ಅಂದ ಅಣ್ಣ. "ಲೆಕ್ಕ ಸರಿ ಹೋಯ್ತು."

"ಎಲ್ಲೋ ಸರಿ ಹೋಯ್ತು? ಅಲ್ಲಿ ಎಂಬತ್ತು ಚದರ ಅಡಿ. ಇಲ್ಲಿ ಇಪ್ಪತ್ತೈದೂ ಇಲ್ಲ!"

ಅಪ್ಪ ನನ್ನನ್ನ ಕನಿಕರದಿಂದ ನೋಡಿದ. "ಹಗ್ಗ ಕುಯ್ದಿದೀವಾ?"

"ಇಲ್ಲ."

"ಇನ್ನೊಂದು ತುಂಡು ಕಟ್ಟಿದೀವಾ?"

"ಇಲ್ಲಪ್ಪ, ಆದ್ರೆ..."

"ಅದೇ ಹಗ್ಗ ತಾನೆ? ಮಿಕ್ಕಿದ ಜಾಗ ಎಲ್ಲಿಗೋಯ್ತು, ಹಗ್ಗದಿಂದ ಸೋರಿ ಓಯ್ತಾ?"

ನನಗೆ ಮೈಯೆಲ್ಲ ಉರಿದು ಹೋಯ್ತು. ಮಾತಲ್ಲಿ ಆಗಲ್ಲ, ಕಣ್ಣಿಗೇ ತೋರಿಸ್ತೀನಿ ಅಂತ ಒಳಗಿಂದ ರಾಗಿ ಚೀಲ ಹೊತ್ತು ತಂದೆ. ಅಂಗಳದಲ್ಲಿ ಹರಡಿದೆ, ಒಣಗಿಸೋಕೆ ಹಾಕಿದ ಹಾಗೆ ತೆಳ್ಳಗೆ ಕೂತಿತು. ಅದೇ ರಾಗಿಯನ್ನು ಬಾಚಿ ಸಂದಿಯಲ್ಲಿ ಸುರಿದೆ. ಅಂಗಳದಲ್ಲಿದ್ದಷ್ಟು ತೆಳ್ಳಗೆ ಮಾಡೋಕೆ ಹೋದರೆ ಹಗ್ಗ ದಾಟಿ ಬಾಡಿಗೆಯವರ ಬಾಗಿಲ ತನಕ ಹೋಯ್ತು. ಹಗ್ಗದೊಳಗೆ ಇಡೋಕೆ ಹೋದರೆ ಗುಡ್ಡೆ ಗುಡ್ಡೆ.

"ಈಗ ಹೇಳಪ್ಪ!"

ಅಪ್ಪ ಬಗ್ಗಿ, ಒಂದು ಹಿಡಿ ರಾಗಿ ತಗೊಂಡು, ಊದಿ ನೋಡಿ ಹೇಳಿದ. "ರಾಗಿ ಊದ್ಕೊಂಡೈತೆ. ಬಿಸಿಲಿಗೆ ಆಕು."

ಅವ್ವ ಪೊರಕೆ ತಂದು ಎಲ್ಲ ಗುಡಿಸಿ ಚೀಲಕ್ಕೆ ತುಂಬಿದಳು. ಆಮೇಲೆ ಅಪ್ಪ ಕೇಳಿದ ಅಂತ ಸಂದಿಯಲ್ಲಿ ಎರಡು ಸಾಲು ಚುಕ್ಕಿಯನ್ನೂ ಇಟ್ಟಳು. ಗೋಡೆಗೆ ಬೆನ್ನು ತಾಗಿಸಿಕೊಂಡು, ಬಗ್ಗೋಕೂ ಆಗದೆ.

"ಆಯ್ತಲ್ಲ? ಇಡಬೌದು ತಾನೆ ರಂಗೋಲಿಯ?" ಅಂದ ಅಪ್ಪ.

"ಇಡಬೌದು," ಅಂದಳು ಅವ್ವ. "ಲಕ್ಷ್ಮಿ ಮಾತ್ರ ಅಡ್ಡಡ್ಡ ನಡ್ಕೊಂಡು ಬರ್ಬೇಕು."

ಡಾಕ್ಟರ ಸುತ್ತು

ಶಿವರಾತ್ರಿಗೆ ಮೊದಲೇ ಅವ್ವನಿಗೆ ಹೊಟ್ಟೆನೋವು ಜೋರಾಯ್ತು. ತುಂಬಾ ದಿನದಿಂದ ಇತ್ತಂತೆ, ಹೇಳಿರಲಿಲ್ಲ. ಜಾಲಹಳ್ಳಿ ಕಡೆಯ ಒಂದು ಆಸ್ಪತ್ರೆಗೆ ಸೇರಿಸಿದೆವು. ಸ್ಕ್ಯಾನ್ ಆದ ಮೇಲೆ ಡಾಕ್ಟರು ನನ್ನನ್ನ ಹೊರಗೆ ಕರೆದು ಗಡ್ಡೆ ಇದೆ ಅಂದರು.

"ಎಷ್ಟು ದೊಡ್ಡದು ಸಾರ್?"

"ನಾಲ್ಕು ಸೆಂಟಿಮೀಟರ್, ಮೂರು ಸೆಂಟಿಮೀಟರ್."

ನಾನು ಅಲ್ಲೇ ಲೆಕ್ಕ ಹಾಕಿದೆ. "ಹನ್ನೆರಡು ಚದರ ಸೆಂಟಿಮೀಟರ್. ಇಷ್ಟೇನಾ ಸಾರ್? ಒಂದು ಟೈಲ್ಸಿನ ಮೂಲೆ ಚೂರಷ್ಟೂ ಇಲ್ಲ. ನಾನು ದಿನಕ್ಕೆ ಸಾವಿರಾರು ಅಡಿ ಅಳೆಯೋನು, ಇದಕ್ಕೆಲ್ಲ ಹೆದರಲ್ಲ. ತೆಗೆದುಬಿಡಿ."

ಡಾಕ್ಟರು ನನ್ನ ಭುಜದ ಮೇಲೆ ಕೈ ಇಟ್ಟರು. "ಇದು ಹಾಗೆ ಅಳೆಯೋ ವಿಷಯ ಅಲ್ಲಪ್ಪ," ಅಂದರು. ಅಷ್ಟೇ ಹೇಳಿದ್ದು. ನಾನು ತಿಳ್ಕೊಂಡೆ, ತಿಳ್ಕೊಳ್ಳದವನ ಹಾಗೆ ವಾರ್ಡಿಗೆ ಬಂದೆ.

ಅವ್ವ ಮಂಚದಿಂದ ತಲೆ ಇಳಿಬಿಟ್ಟು ನೆಲ ನೋಡ್ತಿದ್ದಳು. "ನೆಲ ಚೆಂದಾಗೈತೆ ಕಣೋ. ಈ ಕಡೆ ಇಪ್ಪತ್ತೊಂದು ಚುಕ್ಕಿ, ಆ ಕಡೆ ಹದಿನೈದು. ಚುಕ್ಕಿ ಇಡೋ ಕಷ್ಟನೂ ಇಲ್ಲ, ಟೈಲ್ಸು ಟೈಲ್ಸು ಸೇರಿರೋ ಕಡೆ ಆಗ್ಲೇ ಅವೆ." ಒಂದು ದಿನವೂ ನನ್ನ ಕೆಲಸ ನೋಡಿದವಳಲ್ಲ. ಮೊದಲ ಸಲ ಹೇಳಿದಳು, "ಇದೇ ಏನೋ ನೀನು ಮಾಡಾದು? ಒಳ್ಳೆ ಕೆಲ್ಸನೇ."

ಮಾರನೇ ಬೆಳಿಗ್ಗೆ ನಾನು ಕಾಫಿ ತರೋಕೆ ಹೋಗಿ ಬರೋ ಹೊತ್ತಿಗೆ ವಾರ್ಡಲ್ಲಿ ಗದ್ದಲ. ಅವ್ವ ಮಂಚದಿಂದ ಇಳಿದು, ಅತ್ತಿಗೆ ತಂದಿಟ್ಟಿದ್ದ ಪೌಡರ್ ಡಬ್ಬಿ ಬಗ್ಗಿಸಿ, ಹಾಸಿಗೆ ಪಕ್ಕ ಒಂದು ರಂಗೋಲಿ ಎಳೆದುಬಿಟ್ಟಿದ್ದಳು. ಗೆರೆ ಅಲ್ಲಲ್ಲಿ ಅಂಕುಡೊಂಕು. ಪಕ್ಕದ ಮಂಚದ ಅಜ್ಜಿ ಮಲಗಿಕೊಂಡೇ ಕೈ ಮುಗೀತಿದ್ದಳು. ನರ್ಸಮ್ಮ ಮಾಪು ತರೋಕೆ ಓಡಿದರು. ಅಷ್ಟರಲ್ಲಿ ದೊಡ್ಡ ಡಾಕ್ಟರು ಹಿಂದೆ ನಾಲ್ಕು ಜನರನ್ನು ಕಟ್ಟಿಕೊಂಡು ಬಂದೇಬಿಟ್ಟರು.

ರಂಗೋಲಿ ನೋಡಿ ನಿಂತರು. ತುಳಿಯೋಕೆ ಮನಸ್ಸು ಬರಲಿಲ್ಲ. ಅಜ್ಜಿಯ ಮಂಚ ಬಳಸಿ, ಗ್ಲೂಕೋಸ್ ಕಂಬ ಬಳಸಿ, ಗೋಡೆ ಪಕ್ಕದಿಂದ ಬಂದರು. ಹಿಂದಿನ ನಾಲ್ಕೂ ಜನ ಒಬ್ಬರ ಹಿಂದೊಬ್ಬರು ಹಾಗೇ ಸುತ್ತು ಹಾಕಿದರು.

ನರ್ಸಮ್ಮ ತಲೆ ಚಚ್ಚಿಕೊಂಡರು. "ಏನಮ್ಮ ನೀನು! ಹಿಂಗೆಲ್ಲ ಹಾಕಿದ್ರೆ ಡಾಕ್ಟ್ರು ರೌಂಡ್ಸ್ ಹೆಂಗಮ್ಮ ಮಾಡೋದು?"

"ಈಗ ಮಾಡಿದ್ರಲ್ಲ," ಅಂದಳು ಅವ್ವ.

ದೊಡ್ಡ ಡಾಕ್ಟರೂ ನಕ್ಕುಬಿಟ್ಟರು. ಅವ್ವ ನಗಿಸಿದ್ದು ಅದೇ ಕೊನೆ. ಆಮೇಲೆ ಮಾತು ಕಡಿಮೆಯಾಯ್ತು. ಒಂದು ಸಲ ಕಣ್ಣು ಬಿಟ್ಟು, "ಅಂಗಳ?" ಅಂದಳು. "ಹಂಗೇ ಐತೆ ಕಣವ್ವ," ಅಂದೆ. ಸುಳ್ಳಲ್ಲ. ಅವತ್ತಿಗೆ ಇನ್ನೂ ಅಗೆದಿರಲಿಲ್ಲ. ಮೇಸ್ತ್ರಿ ಬಂದು ಪಾಯ ಎಲ್ಲಿ ತೆಗೀಬೇಕು ಅಂತ ಬಿಳೀ ಪುಡಿಯಲ್ಲಿ ಗೆರೆ ಎಳೆದು ಹೋಗಿದ್ದ, ಅಷ್ಟೇ.

ದೊಡ್ಡತ್ತೆ

ಅವ್ವನನ್ನ ಮನೆಗೆ ತಂದು ಅಂಗಳದಲ್ಲಿ ಚಾಪೆ ಮೇಲೆ ಮಲಗಿಸಿದೆವು. ಬೇರೆ ಎಲ್ಲೂ ಜಾಗ ಇರಲಿಲ್ಲ. ಬಂದವರು ರಸ್ತೆಯಲ್ಲಿ ನಿಂತರು, ಬಾಡಿಗೆಯವರ ಮೆಟ್ಟಿಲ ಮೇಲೆ ಕೂತರು. ಮೇಸ್ತ್ರಿಯ ಗೆರೆ ಅವ್ವನ ಸುತ್ತ ಹಾಗೇ ಇತ್ತು. ಹೊರಗೊಂದು ಗೆರೆ, ಒಳಗೊಂದು ಗೆರೆ, ನಾಲ್ಕು ಮೂಲೆಯಲ್ಲಿ ಕಂಬಕ್ಕೆ ನಾಲ್ಕು ಚೌಕ.

ಅಪ್ಪನ ಅಕ್ಕ, ನಮ್ಮ ದೊಡ್ಡತ್ತೆ, ನೆಲಮಂಗಲದ ಆಚೆಯಿಂದ ಬಂದಳು. ಕಣ್ಣು ಮಂಜು, ಗಂಟಲು ಗಟ್ಟಿ. ರಸ್ತೆಯ ತಿರುವಿನಿಂದಲೇ, "ಅಯ್ಯೋ ನನ್ನ ತಾಯೀ, ನಮ್ಮನ್ನೆಲ್ಲ ಬಿಟ್ಟೋದ್ಯಲ್ಲೇ" ಅಂತ ಅಳ್ತಾ ಬಂದವಳು ಗೇಟಲ್ಲಿ ಕಾಲಿಟ್ಟಳು, ನೆಲ ನೋಡಿದಳು, ಅಳು ಅಲ್ಲಿಗೇ ನಿಂತಿತು.

"ಯಾವಳೇ ಅವಳು! ಸತ್ತ ಮನೆ ಮುಂದೆ ರಂಗೋಲಿ ಬಿಟ್ಟಿರೋಳು?"

ಅತ್ತಿಗೆ ಹೆದರಿ ಹಿಂದೆ ಸರಿ‌ದಳು. "ನಾನಲ್ಲ ದೊಡ್ಡತ್ತೆ, ದೇವರಾಣೆ."

ಅಣ್ಣ ಮುಂದೆ ಬಂದ. "ಅದು ರಂಗೋಲಿ ಅಲ್ಲ ಅತ್ತೆ. ಪಾಯದ ಗುರುತು. ಮೇಸ್ತ್ರಿ ಹಾಕಿರೋದು."

"ಮೇಸ್ತ್ರಿ ಹೆಂಡ್ರಾ?"

"ಮೇಸ್ತ್ರಿನೇ ಅತ್ತೆ!"

"ಗಂಡಸ್ರು ಯಾಕೋ ರಂಗೋಲಿ ಬಿಡ್ತಾರೆ? ಅದಕ್ಕೇ ಇಂಗೈತೆ. ಒಂದು ಹೂವಿಲ್ಲ, ಒಂದು ಬಳ್ಳಿ ಇಲ್ಲ, ಬರೀ ಗೆರೆ. ಆ ಮಹಾತಾಯಿ ಮನೆ ಮುಂದೆ ಇಂಥದ್ದು ಬಿಡಾಕೆ ನಾಚ್ಕೆ ಆಗಲ್ವಾ? ನೀರು ತಾರೇ!"

ಹೇಳೋದರೊಳಗೆ ತಾನೇ ತೊಟ್ಟಿಯಿಂದ ಬಕೆಟ್ ತುಂಬಿಕೊಂಡು, ಸೆರಗು ಸಿಕ್ಕಿಸಿ, ಪೊರಕೆ ಹಿಡಿದು ಶುರು ಮಾಡಿಬಿಟ್ಟಳು. ಅಣ್ಣ ಅವಳ ಹಿಂದೆ ಹಿಂದೆ. "ಅತ್ತೆ, ನಿಲ್ಸಿ ಅತ್ತೆ! ಅಳತೆ ಓಯ್ತದೆ! ಅದು ಪಿಲ್ಲರ್ರು! ಅಯ್ಯೋ, ಅದು ಬಾಗ್ಲು ಅತ್ತೆ!" ದೊಡ್ಡತ್ತೆ ಬಾಗಿಲೂ ಗುಡಿಸಿದಳು, ಕಿಟಕಿಯೂ ಗುಡಿಸಿದಳು. ರಸ್ತೆಯಲ್ಲಿ ನಿಂತವರು ಬಾಯಿಗೆ ಟವಲು ಅಡ್ಡ ಇಟ್ಟುಕೊಂಡರು. ನನಗೂ ನಗು ಬಂತು. ಅವ್ವ ಮುಂದೆ ಮಲಗಿದ್ದಾಳೆ, ನಾನು ನಗ್ತಾ ಇದೀನಿ, ಕಣ್ಣಲ್ಲಿ ನೀರು ಸುರೀತಿದೆ, ನಿಲ್ಲಿಸೋಕೆ ಆಗ್ತಿಲ್ಲ.

"ಅಪ್ಪ, ನೀನಾದ್ರೂ ಹೇಳಪ್ಪ ಅತ್ತೆಗೆ!" ಅಂದ ಅಣ್ಣ.

ಅಪ್ಪ ಅವ್ವನ ತಲೆ ಹತ್ತಿರ ಕೂತಿದ್ದ. ಎದ್ದ. ದೊಡ್ಡತ್ತೆಯ ಕೈಯಿಂದ ಬಕೆಟ್ ಇಸ್ಕೊಂಡ. ಈಗ ಬೈತಾನೆ ಅಂತ ಎಲ್ಲರೂ ಅವನ ಕಡೆ ತಿರುಗಿದೆವು.

"ಆ ಮೂಲೇಲಿ ಇನ್ನೂ ಒಂಚೂರು ಉಳ್ಕೊಂಡೈತೆ ಕಣಕ್ಕ," ಅಂದ. ಹೋಗಿ ತಾನೇ ನೀರು ಹುಯ್ದ.

ಹನ್ನೊಂದನೇ ದಿನದ ತಿಥಿ ಕಳೆದ ಮೇಲೆ ಮೇಸ್ತ್ರಿ ಮತ್ತೆ ಬಂದ. ಸಾವಾದ ಮನೆಯಲ್ಲಿ ವರ್ಷ ತುಂಬೋವರೆಗೂ ಪಾಯ ತೆಗಿಯಂಗಿಲ್ಲ ಅಂತ ಊರಿನ ಹಿರಿಯರು ಅವನನ್ನ ವಾಪಸ್ ಕಳಿಸಿದರು. ನಮ್ಮ ಕಡೆ ಆ ವರ್ಷ ಹಬ್ಬವೂ ಇಲ್ಲ, ಅಂಗಳಕ್ಕೆ ರಂಗೋಲಿಯೂ ಇಲ್ಲ. ಅಪ್ಪ ನನ್ನನ್ನ ಕರೆದು, ಅಲ್ಲೀವರೆಗೂ ಅದನ್ನ ನೀನೇ ನೋಡ್ಕೋ ಅಂದ. ಹತ್ತಡಿ ಉದ್ದ, ಎಂಟಡಿ ಅಗಲದ ಅಂಗಳವನ್ನು ಒಂದು ವರ್ಷದ ಮಟ್ಟಿಗೆ ನನಗೆ ಕೊಟ್ಟ. ಉಳಿಸಿದೆನಾ ಅಂತ ಕೇಳಿದರೆ ಇಷ್ಟೇ, ಅದೂ ನಾನಲ್ಲ, ಅವ್ವನೇ ಉಳಿಸ್ಕೊಂಡಿದ್ದು.